ಮನೆಗೆ ಎರಡು ಲೈನು, ಕೆಲಸಕ್ಕೊಂದು ಸುರಂಗ

ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು, ಮದುವೆಯಾಗಿ ಹಳ್ಳಿಗೆ ಬಂದ ಹೆಣ್ಣುಮಕ್ಕಳು ನಿಮ್ಮ ನೆರೆಹೊರೆಯಲ್ಲೂ ಇರಬಹುದು. ಮಗು ಇನ್ನೂ ಚಿಕ್ಕದು, ಅತ್ತೆಗೆ ಮಂಡಿನೋವು, ಗಂಡನಿಗೆ ಅಂಗಡಿ. ದಿನವೂ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಬರುವುದು ಆಗದ ಮಾತು. ಅಂಥವರ ಪಾಲಿಗೆ ಮನೆಯಿಂದಲೇ ಮಾಡುವ ಕೆಲಸ ದೊಡ್ಡ ಆಸರೆ. ಆದರೆ ಆ ಕೆಲಸ ಉಳಿಯುವುದು ಎರಡು ವಿಷಯಗಳ ಮೇಲೆ. ಒಂದು, ಇಂಟರ್ನೆಟ್ ಕೈಕೊಡಬಾರದು. ಇನ್ನೊಂದು, ಕಚೇರಿಯವರು ನಂಬಿ ಕೊಟ್ಟ ಲೆಕ್ಕಪತ್ರ ಬೇರೆಯವರ ಕಣ್ಣಿಗೆ ಬೀಳಬಾರದು. ಈ ಎರಡನ್ನೂ ನೋಡಿಕೊಳ್ಳುವ ವಸ್ತು ಮನೆಯ ಗೋಡೆಗೆ ತೂಗುಹಾಕಿರುವ ರೂಟರ್. ಅದರೊಳಗೆ ಏನಿದೆಯೆಂಬುದು ಲೈನ್ ಹಾಕಲು ಬಂದ ಹುಡುಗನಿಗೆ ಮಾತ್ರ ಗೊತ್ತಿರುತ್ತದೆ. ಅದು ಆ ಮನೆಯ ಹೆಣ್ಣುಮಕ್ಕಳಿಗೂ ತಿಳಿದಿರಬೇಕು ಎಂಬುದಕ್ಕಾಗಿ ಈ ಬರಹ.

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು ಅದು. ಕಬ್ಬು, ಭತ್ತ, ಹೈನುಗಾರಿಕೆಯ ಸೀಮೆ. ಹಾಗೆಂದು ಕಂಪ್ಯೂಟರಿಗೂ ಆ ಊರಿಗೂ ಸಂಬಂಧವಿಲ್ಲವೆನ್ನುವಂತಿಲ್ಲ. ಪುಟ್ಟಣ್ಣಯ್ಯನವರ ಮಗ, 2023ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಗೆದ್ದ ದರ್ಶನ್ ಪುಟ್ಟಣ್ಣಯ್ಯ, ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸಿ ಬಂದವರು. ಅಲ್ಲಿನ ಒಂದು ಮನೆಯಲ್ಲಿ ಸೊಸೆ ಮೈಸೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಟ್ಯಾಲಿ ಎಂಟ್ರಿ ಮಾಡಿಕೊಡುತ್ತಾಳೆ ಎಂದುಕೊಳ್ಳಿ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಮನೆಯೂ ಇದಾಗಿರಬಹುದು.

ಮನೆಯಿಂದ ಕೆಲಸ ಎನ್ನುವುದು ನಮ್ಮಲ್ಲಿ ಇಷ್ಟು ಸಲೀಸಾದದ್ದು ಇತ್ತೀಚೆಗೆ. ಕಾಲ್ ಸೆಂಟರ್, ಬಿಪಿಒಗಳ ನೌಕರರು ಮನೆಯಲ್ಲಿ ಕುಳಿತು ಕೆಲಸ ಮಾಡಬೇಕಾದರೆ ಹಿಂದೆ ಕಂಪೆನಿಯು ದೂರಸಂಪರ್ಕ ಇಲಾಖೆಗೆ ಠೇವಣಿ ಕಟ್ಟಬೇಕಿತ್ತು, ಇಲಾಖೆ ಒಪ್ಪಿದ ವಿಪಿಎನ್ ಮೂಲಕವೇ ನೌಕರರ ಮನೆಯನ್ನು ಜೋಡಿಸಬೇಕಿತ್ತು. ಕೊರೊನಾ ಬಂದಾಗ, 2020ರ ಮಾರ್ಚ್ 13ರಂದು, ಸರ್ಕಾರ ಈ ಕಟ್ಟುಪಾಡನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಅದೇ ವರ್ಷ ನವೆಂಬರ್ 5ರಂದು ಹೊಸ ಮಾರ್ಗಸೂಚಿ ತಂದು ಹಳೆಯ ಹೊರೆಗಳನ್ನು ತೆಗೆದೇಹಾಕಿತು. ಠೇವಣಿ ಹೋಯಿತು. ಆದರೆ ವಿಪಿಎನ್ ಹೋಗಲಿಲ್ಲ. ಅದು ಈಗ ಸರ್ಕಾರಕ್ಕಿಂತ ಹೆಚ್ಚಾಗಿ ಕಂಪೆನಿಗಳಿಗೇ ಬೇಕಾಗಿದೆ.

ಹುಲಿಕೆರೆಯ ಸುರಂಗ

ವಿಪಿಎನ್ ಎಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಮಂಡ್ಯ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಬಲು ಸುಲಭ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಬಳಿ ನೆಲದೊಳಗೆ ಇಳಿಯುತ್ತದೆ. ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗದೊಳಗೆ ಹರಿದು ಆಚೆ ಬದಿಯಲ್ಲಿ ಮತ್ತೆ ಬೆಳಕು ಕಾಣುತ್ತದೆ. ಮೇಲೆ ಜನ ಓಡಾಡುತ್ತಾರೆ, ದನ ಮೇಯುತ್ತವೆ. ಕೆಳಗೆ ಎಷ್ಟು ನೀರು ಹೋಗುತ್ತಿದೆ ಎಂದು ಮೇಲಿರುವವರಿಗೆ ಕಾಣುವುದಿಲ್ಲ, ಅವರು ಅದಕ್ಕೆ ಕೊಡ ಅದ್ದುವಂತೆಯೂ ಇಲ್ಲ.

ವಿಪಿಎನ್ ಮಾಡುವುದೂ ಇದನ್ನೇ. ಕ್ಯಾತನಹಳ್ಳಿಯ ಮನೆಯಿಂದ ಮೈಸೂರಿನ ಕಚೇರಿಯವರೆಗೆ ಮಾಮೂಲಿ ಇಂಟರ್ನೆಟ್ ಲೈನಿನ ಒಳಗೇ ಒಂದು ಸುರಂಗ ಕೊರೆಯುತ್ತದೆ. ಅದರೊಳಗೆ ಹೋಗುವ ಮಾಹಿತಿಯೆಲ್ಲ ಗೂಢಲಿಪಿಯಲ್ಲಿ ಇರುತ್ತದೆ. ಕೇಬಲ್ ಕಂಪೆನಿಯವರಿಗೂ ಮೊಬೈಲ್ ಕಂಪೆನಿಯವರಿಗೂ ಏನೋ ಹರಿಯುತ್ತಿದೆ ಎಂದು ತಿಳಿಯುತ್ತದೆ, ಒಳಗಿರುವುದೇನು ಎಂದು ತಿಳಿಯುವುದಿಲ್ಲ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಸುರಂಗಕ್ಕೆ ಎರಡು ಬಾಯಿಗಳಿರುತ್ತವೆ. ಆಚೆಯ ಬಾಯಲ್ಲಿ ನೀರು ಬಯಲಿಗೆ ಬರುತ್ತದೆ, ಅಲ್ಲಿ ಕುಳಿತವನಿಗೆ ಎಲ್ಲವೂ ಕಾಣುತ್ತದೆ. ಆದ್ದರಿಂದ ಯಾವ ವಿಪಿಎನ್ ಬಗ್ಗೆ ಯಾರು ಏನೇ ಹೇಳಿದರೂ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಆಚೆಯ ಬಾಯಿ ಯಾರ ಕೈಯಲ್ಲಿದೆ?

ಕಚೇರಿಯ ಕೈಯಲ್ಲಿದ್ದರೆ ಚಿಂತೆಯಿಲ್ಲ, ಆ ಮಾಹಿತಿ ಅವರದ್ದೇ. ಯಾರೋ ಉಚಿತವಾಗಿ ಕೊಡುವ ಆ್ಯಪ್ ಆಗಿದ್ದರೆ? ಫೇಸ್‌ಬುಕ್ 2013ರಲ್ಲಿ ಒನಾವೊ ಎಂಬ ಕಂಪೆನಿಯನ್ನು ಕೊಂಡುಕೊಂಡಿತು. ಅದರ ಉಚಿತ ವಿಪಿಎನ್ ಆ್ಯಪ್‌ನ ಹೆಸರಿನಲ್ಲೇ 'ಪ್ರೊಟೆಕ್ಟ್' ಎಂಬ ಪದವಿತ್ತು. ಅದು ಜನರ ಫೋನಿನಲ್ಲಿ ಕುಳಿತು ಅವರು ಯಾವ ಆ್ಯಪ್ ಎಷ್ಟು ಹೊತ್ತು ಬಳಸುತ್ತಾರೆಂದು ಲೆಕ್ಕ ಹಾಕಿ ಯಜಮಾನನಿಗೆ ಒಪ್ಪಿಸುತ್ತಿತ್ತು. 2018ರಲ್ಲಿ ಆ್ಯಪಲ್ ಕಂಪೆನಿಯ ಅಂಗಡಿಯಿಂದ ಅದು ಹೊರಬಿತ್ತು, 2019ರಲ್ಲಿ ಮುಚ್ಚಿಹೋಯಿತು. 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಇದಕ್ಕಾಗಿ ಎರಡು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಕಾವಲಿಗೆ ನಿಂತವನೇ ಕಿಂಡಿಯಿಂದ ಇಣುಕುತ್ತಿದ್ದನೆಂದಾಯಿತು. ಇನ್ನೊಬ್ಬರ ಮನೆಯೊಳಗೆ ಕಾಲಿಡುವ ಮೊದಲು ಅನುಮತಿ ಕೇಳುವ ಶಿಷ್ಟಾಚಾರವನ್ನು ಅನ್ನೂರ್ ಅಧ್ಯಾಯದಿಂದ ಕಲಿತ ನಮಗೆ ಇದರ ತಪ್ಪನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರಿಗೂ ಬೇಕೆ?

ಬೇಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡ ಕಂಪೆನಿಯು ನಿಮಗೆ ಲ್ಯಾಪ್‌ಟಾಪ್ ಕೊಟ್ಟಿದ್ದರೆ ಅದರೊಳಗೆ ಅವರದೇ ವಿಪಿಎನ್ ಇರುತ್ತದೆ. ಬೆಳಿಗ್ಗೆ ಪಾಸ್‌ವರ್ಡ್ ಹಾಕಿ ಒಳಗೆ ಹೋಗುತ್ತೀರಲ್ಲ, ಅದೇ. ಅಂಥ ಮನೆಯಲ್ಲಿ ರೂಟರಿಗೆ ಮತ್ತೊಂದು ವಿಪಿಎನ್ ಹಾಕಿಸಿದರೆ ಸುರಂಗದೊಳಗೆ ಸುರಂಗ ಕೊರೆದಂತೆ. ವೇಗ ಕುಸಿಯುತ್ತದೆ. ಕಂಪೆನಿಯ ಭದ್ರತಾ ವಿಭಾಗಕ್ಕೂ ಅನುಮಾನ ಬರುತ್ತದೆ. ಆ ಮನೆಗೆ ಬೇಕಾದದ್ದು ಎರಡನೇ ಲೈನು ಮಾತ್ರ.

ರೂಟರಿನಲ್ಲಿಯೇ ವಿಪಿಎನ್ ಬೇಕಾಗುವುದು ಚಿಕ್ಕ ಕಚೇರಿಗಳ ಕೆಲಸಕ್ಕೆ. ನಮ್ಮ ಉದಾಹರಣೆಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಟ್ಯಾಲಿ ಇರುವ ಒಂದು ಕಂಪ್ಯೂಟರ್ ಇದೆ. ಅದಕ್ಕೆ ಹೊರಗಿನಿಂದ ಯಾರು ಬೇಕಾದರೂ ಬರುವಂತೆ ಬಾಗಿಲು ತೆರೆದಿಡಲು ಸಾಧ್ಯವಿಲ್ಲ. ಹಾಗಾಗಿ ಕೆಲವರು ಗೊತ್ತಿರುವ ವಿಳಾಸದಿಂದ ಬಂದವರಿಗೆ ಮಾತ್ರ ಬಾಗಿಲು ತೆರೆಯುವ ಏರ್ಪಾಡು ಮಾಡುತ್ತಾರೆ. ಇಲ್ಲಿ ವಿಳಾಸ ಎಂದರೆ ಇಂಟರ್ನೆಟ್ಟಿನ ಐಪಿ ನಂಬರು. ನಿಮ್ಮ ಫೈಬರ್ ಲೈನಿಗೆ ಖಾಯಂ ನಂಬರು ಇದ್ದರೆ ಅದರಿಂದ ಕೆಲಸ ನಡೆಯುತ್ತದೆ. ಆದರೆ ಫೈಬರ್ ಕಡಿದು ರೂಟರ್ ಮೊಬೈಲ್ ಸಿಮ್ಮಿಗೆ ಹೊರಳಿದ ಕ್ಷಣ ನಂಬರು ಬದಲಾಗುತ್ತದೆ. ಕಚೇರಿಯ ಕಂಪ್ಯೂಟರಿಗೆ ನೀವು ಅಪರಿಚಿತರು. ಎರಡನೇ ಲೈನಿಗೆ ದುಡ್ಡು ಕಟ್ಟಿಯೂ ಕೆಲಸ ನಿಂತಿತು!

ಇದಕ್ಕೆ ಪರಿಹಾರ ಸುರಂಗ. ಕಚೇರಿಯಲ್ಲಿ ಒಂದು ಖಾಯಂ ನಂಬರಿನ ಲೈನ್ ಇರಬೇಕು, ಮನೆಯ ರೂಟರ್ ತಾನಾಗಿ ಅಲ್ಲಿಗೆ ಕರೆ ಮಾಡಿ ಸುರಂಗ ಕಟ್ಟಬೇಕು. ಕಚೇರಿಯವರು ಆಗ ಗುರುತಿಸುವುದು ಲೈನಿನ ನಂಬರನ್ನಲ್ಲ, ನಿಮ್ಮ ರೂಟರಿನಲ್ಲಿಟ್ಟಿರುವ ಬೀಗದ ಕೈಯನ್ನು. ಕೈ ಇದ್ದರಾಯಿತು, ಯಾವ ದಾರಿಯಿಂದ ಬಂದರೂ ಸರಿ.

ಕರೆ ಯಾಕೆ ಮನೆಯಿಂದಲೇ ಹೋಗಬೇಕು ಎಂದರೆ, ಮೊಬೈಲ್ ಕಂಪೆನಿಗಳು ಸಾಮಾನ್ಯವಾಗಿ ಒಂದೇ ಸಾರ್ವಜನಿಕ ನಂಬರನ್ನು ನೂರಾರು ಗ್ರಾಹಕರಿಗೆ ಹಂಚಿರುತ್ತವೆ. ಅನೇಕ ಫೈಬರ್ ಕಂಪೆನಿಗಳೂ ಹಾಗೆಯೇ. ದೊಡ್ಡ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದಂತೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದ ಪತ್ರ ಯಾವ ಕೋಣೆಗೆಂದು ಅಂಚೆಯವನಿಗೆ ತಿಳಿಯದು.

ಎರಡನೇ ಲೈನು ಎಂದರೇನು?

ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ. ಎರಡು ಬೇರೆ ಬೇರೆ ಕಂಪೆನಿಗಳ ಫೈಬರ್ ಹಾಕಿಸಿ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಎರಡೂ ಕೇಬಲ್‌ಗಳು ಒಂದೇ ವಿದ್ಯುತ್ ಕಂಬಕ್ಕೆ ಜೋತುಬಿದ್ದು ಬಂದಿರುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಮೇಲೆ ಕಬ್ಬಿನ ಹೊರೆ ಎಷ್ಟು ಎತ್ತರಕ್ಕೆ ಇರುತ್ತದೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಹೊರೆಗೆ ಸಿಕ್ಕಿ ತಂತಿ ಹರಿದರೆ ಎರಡೂ ಒಟ್ಟಿಗೆ ಹರಿಯುತ್ತವೆ. ಎರಡನೇ ಲೈನು ಬೇರೆ ಜಾತಿಯದ್ದಾಗಿರಬೇಕು. ಒಂದು ಫೈಬರ್, ಇನ್ನೊಂದು ಮೊಬೈಲ್ ಸಿಮ್. ಸಿಮ್ ಕೂಡ ಯಾವ ಕಂಪೆನಿಯದ್ದು ಅಗ್ಗ ಎಂದು ನೋಡಿ ಕೊಳ್ಳಬೇಡಿ. ನಿಮ್ಮ ಮನೆಯ ಒಳಗೆ, ರೂಟರ್ ಇರುವ ಗೋಡೆಯ ಹತ್ತಿರ, ಯಾವುದರ ಸಿಗ್ನಲ್ ಚೆನ್ನಾಗಿದೆಯೆಂದು ನೆಂಟರ ಫೋನುಗಳಲ್ಲಿ ಪರೀಕ್ಷಿಸಿ ಕೊಳ್ಳಿ.

ಸಿಮ್ಮಿಗೂ ಮಿತಿಯಿದೆ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ಸಮಯದಲ್ಲಿ ಮಂಗಳೂರಿನವರು ಅದನ್ನು ಅನುಭವಿಸಿದರು. ಸರ್ಕಾರ ಮೊಬೈಲ್ ಇಂಟರ್ನೆಟ್ಟನ್ನು 48 ಗಂಟೆ ಸ್ಥಗಿತಗೊಳಿಸಿತ್ತು. ಅಂಥ ಹೊತ್ತಿನಲ್ಲಿ ಮನೆಯ ಕೆಲಸ ಉಳಿಯುವುದು ಫೈಬರ್ ಇದ್ದವರಿಗೆ. ಒಂದು ಹೋದರೆ ಇನ್ನೊಂದು ಎನ್ನುವುದು ಎರಡು ಕಡೆಗೂ ನಿಜ.

ಇನ್ನು ಕರೆಂಟು. ಎರಡಲ್ಲ, ನಾಲ್ಕು ಲೈನ್ ಇದ್ದರೂ ರೂಟರಿಗೆ ಕರೆಂಟ್ ಇಲ್ಲದಿದ್ದರೆ ಎಲ್ಲವೂ ಸೊನ್ನೆ. ರೂಟರಿಗೂ ಫೈಬರ್ ಪೆಟ್ಟಿಗೆಗೂ ಸೇರಿ ಹಿಡಿಯುವ ಚಿಕ್ಕ ಯುಪಿಎಸ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಎರಡು ಬೇರೆ ಬೇರೆ ವಸ್ತುಗಳಾಗಿದ್ದರೆ ಎರಡಕ್ಕೂ ಯುಪಿಎಸ್ ಬೇಕು. ಕೊಳ್ಳುವಾಗ ಅವುಗಳ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಅಭಿಪ್ರಾಯ ಕೇಳಿದರೆ, ಹಳ್ಳಿಯ ಮನೆಗೆ ವಿಪಿಎನ್‌ಗಿಂತ ಮೊದಲು ಕೊಳ್ಳಬೇಕಾದ ವಸ್ತು ಇದು.

ಎರಡು ಲೈನನ್ನು ಸ್ವೀಕರಿಸುವ ರೂಟರುಗಳಲ್ಲಿ ಎರಡು ಬಗೆಯ ಸೆಟ್ಟಿಂಗ್ ಇರುತ್ತದೆ. ಒಂದರಲ್ಲಿ ಎರಡೂ ಲೈನುಗಳು ಸದಾ ಒಟ್ಟಿಗೆ ಓಡುತ್ತವೆ, ಇದಕ್ಕೆ ಲೋಡ್ ಬ್ಯಾಲೆನ್ಸ್ ಎನ್ನುತ್ತಾರೆ. ಇನ್ನೊಂದರಲ್ಲಿ ಮೊದಲನೆಯದು ಸತ್ತಾಗ ಮಾತ್ರ ಎರಡನೆಯದು ಏಳುತ್ತದೆ, ಇದು ಫೇಲೋವರ್. ವಿಪಿಎನ್ ಕೆಲಸಕ್ಕೆ ನಿಮಗೆ ಬೇಕಾದದ್ದು ಫೇಲೋವರ್. ಲೋಡ್ ಬ್ಯಾಲೆನ್ಸ್ ಹಾಕಿದರೆ ಒಂದೇ ಕೆಲಸದ ತುಂಡುಗಳು ಎರಡು ನಂಬರುಗಳಿಂದ ಹೋಗಿ, ಬ್ಯಾಂಕಿನ ವೆಬ್‌ಸೈಟುಗಳು ಕೂಡ ಅನುಮಾನಪಟ್ಟು ನಿಮ್ಮನ್ನು ಹೊರಗೆ ತಳ್ಳುವುದುಂಟು.

ಫೇಲೋವರ್ ಹಾಕುವಾಗ ಲೈನ್ ಸತ್ತಿದೆಯೆಂದು ರೂಟರಿಗೆ ತಿಳಿಯುವುದು ಹೇಗೆ ಎಂದು ಆ ಹುಡುಗನನ್ನು ಕೇಳಿ. ಕೇಬಲ್ ರೂಟರಿಗೆ ಚುಚ್ಚಿದೆಯೇ ಎಂದಷ್ಟೇ ನೋಡುವ ರೂಟರ್ ನಿಮಗೆ ಪ್ರಯೋಜನವಿಲ್ಲ. ಊರಾಚೆ ಫೈಬರ್ ಕಡಿದುಹೋದರೂ ಮನೆಯೊಳಗಿನ ಫೈಬರ್ ಪೆಟ್ಟಿಗೆಗೆ ಕರೆಂಟ್ ಇರುತ್ತದೆ, ಅದರ ಮೇಲೆ ಕೆಂಪು ದೀಪ ಮಿನುಗುತ್ತಿರುತ್ತದೆ. ಆದರೂ ಅದರಿಂದ ರೂಟರಿಗೆ ಬರುವ ಚಿಕ್ಕ ವಯರ್ ಸರಿಯಾಗಿಯೇ ಇರುವುದರಿಂದ, ಲೈನ್ ಚೆನ್ನಾಗಿದೆಯೆಂದು ರೂಟರ್ ನಂಬಿಕೊಂಡು ಕುಳಿತಿರುತ್ತದೆ. ಹೊರಗಿನ ಯಾವುದಾದರೂ ಗಟ್ಟಿ ವಿಳಾಸಕ್ಕೆ, ಉದಾಹರಣೆಗೆ ಗೂಗಲ್‌ನ 8.8.8.8ಕ್ಕೆ, ಕೆಲವು ಸೆಕೆಂಡಿಗೊಮ್ಮೆ 'ಇದ್ದೀಯಾ?' ಎಂದು ಕೂಗಿ, ಮೂರು ಸಲ ಉತ್ತರ ಬರದಿದ್ದರೆ ಸಿಮ್ಮಿಗೆ ಹೊರಳುವಂತೆ ಮಾಡಿಸಬೇಕು. ಮರಳಿ ಫೈಬರಿಗೆ ಬರುವಾಗ ಅವಸರ ಬೇಡ. ಫೈಬರ್ ಒಂದು ನಿಮಿಷ ಬಂದು ಎರಡು ನಿಮಿಷ ಹೋಗುವಂಥ ದಿನಗಳಲ್ಲಿ ರೂಟರ್ ಅತ್ತಿತ್ತ ಜಿಗಿಯುತ್ತಾ ಇದ್ದರೆ ಯಾವ ಕೆಲಸವೂ ಆಗದು. ಐದು ನಿಮಿಷ ಲೈನ್ ಸ್ಥಿರವಾಗಿದ್ದರೆ ಮಾತ್ರ ಮರಳು ಎಂದು ಹಾಕಿಸಿ.

ದಾರಿ ಬದಲಾದಾಗ ಸುರಂಗ ಮುರಿಯುತ್ತದೆ

ಲೈನ್ ಬದಲಾದರೆ ಹಳೆಯ ಸುರಂಗ ಬಿದ್ದುಹೋಗುತ್ತದೆ, ಹೊಸ ದಾರಿಯಲ್ಲಿ ಮತ್ತೆ ಕಟ್ಟಬೇಕು. ಎಷ್ಟು ಬೇಗ ಕಟ್ಟುತ್ತದೆ ಎಂಬುದು ಯಾವ ಬಗೆಯ ವಿಪಿಎನ್ ಎಂಬುದರ ಮೇಲೆ ನಿಂತಿದೆ. ಹಳೆಯ ಪಿಪಿಟಿಪಿ ಬಗೆಯದ್ದನ್ನು ಯಾರಾದರೂ ಸುಲಭವೆಂದು ಹಾಕಿಕೊಡಲು ಬಂದರೆ ಬೇಡವೆನ್ನಿ. ಅದರ ಬೀಗವನ್ನು ಒಂದು ದಿನದೊಳಗೆ ಬಿಡಿಸಬಹುದೆಂದು 2012ರಲ್ಲೇ ತೋರಿಸಿಕೊಟ್ಟಾಗಿದೆ. 2016ರಲ್ಲಿ ಐಫೋನಿನಿಂದಲೂ ಅದನ್ನು ತೆಗೆದುಹಾಕಲಾಯಿತು. ಓಪನ್‌ವಿಪಿಎನ್, ಐಪಿಸೆಕ್, ವೈರ್‌ಗಾರ್ಡ್ ಈ ಮೂರರಲ್ಲಿ ಯಾವುದಾದರೂ ಸರಿ. ಓಪನ್‌ವಿಪಿಎನ್ ತನ್ನ ಕೊಂಡಿ ಕಡಿದಿದೆಯೆಂದು ಅರಿತುಕೊಳ್ಳಲು ಸಾಮಾನ್ಯ ಸೆಟ್ಟಿಂಗಿನಲ್ಲಿ ಒಂದೆರಡು ನಿಮಿಷ ತೆಗೆದುಕೊಳ್ಳಬಹುದು, ಆ ಅವಧಿಯನ್ನು ಕಡಿಮೆ ಮಾಡಿಸಬೇಕು. 2020ರ ಮಾರ್ಚಿನಲ್ಲಿ ಲಿನಕ್ಸಿನೊಳಗೇ ಸೇರಿಕೊಂಡ ವೈರ್‌ಗಾರ್ಡ್ ದಾರಿ ಬದಲಾದರೂ ಬೇಗ ಹೊಂದಿಕೊಳ್ಳುತ್ತದೆ. ಮನೆಯ ಕಡೆಯಿಂದ 25 ಸೆಕೆಂಡಿಗೊಮ್ಮೆ ಒಂದು ಚಿಕ್ಕ ಸಂದೇಶ ಹೋಗುವಂತೆ ಹಾಕಿಸಿದರೆ ಮೊಬೈಲ್ ಕಂಪೆನಿಯ ವಠಾರದ ಬಾಗಿಲು ಮುಚ್ಚಿಕೊಳ್ಳುವುದಿಲ್ಲ.

ಈ ವೈರ್‌ಗಾರ್ಡಿನದೂ ಒಂದು ತರಲೆ ಇದೆ. ಫೈಬರ್ ಮರಳಿ ಬಂದ ಮೇಲೂ ಸುರಂಗ ಮಾತ್ರ ಸಿಮ್ಮಿನ ಮೇಲೆಯೇ ಓಡುತ್ತಿರುವುದುಂಟು. ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಸಂಜೆಯ ಹೊತ್ತಿಗೆ ಸಿಮ್ಮಿನ ಡೇಟಾ ಮುಗಿದಿರುತ್ತದೆ. ಲೈನ್ ಬದಲಾದಾಗೆಲ್ಲ ಹಳೆಯ ಕೊಂಡಿಗಳನ್ನು ಅಳಿಸಿ ಸುರಂಗವನ್ನು ಹೊಸದಾಗಿ ಕಟ್ಟುವಂತೆ ರೂಟರಿಗೆ ಹೇಳಿಡಬಹುದು. ಅದಾಗದಿದ್ದರೆ ಫೈಬರ್ ಬಂದ ಬಳಿಕ ನೀವೇ ವಿಪಿಎನ್ ಅನ್ನು ಒಮ್ಮೆ ಆರಿಸಿ ಹಾಕಿ.

ಇನ್ನೆರಡು ಚಿಕ್ಕ ಸಂಗತಿಗಳು. ಇವನ್ನು ಸರಿಪಡಿಸದೆ ದಿನಗಟ್ಟಲೆ ತಲೆಕೆಡಿಸಿಕೊಳ್ಳುವವರಿದ್ದಾರೆ. ಅಂಗಡಿಯಿಂದ ತಂದ ಬಹುತೇಕ ರೂಟರುಗಳು ಮನೆಯೊಳಗಿನ ಯಂತ್ರಗಳಿಗೆ 192.168.0 ಅಥವಾ 192.168.1 ಎಂದು ಆರಂಭವಾಗುವ ನಂಬರುಗಳನ್ನು ಕೊಡುತ್ತವೆ. ಕಚೇರಿಯ ರೂಟರಿನಲ್ಲೂ ಅದೇ ಇದ್ದರೆ, ಎರಡು ಊರುಗಳಿಗೆ ಒಂದೇ ಹೆಸರಿದ್ದಂತಾಗಿ ಮಾಹಿತಿ ದಾರಿ ತಪ್ಪುತ್ತದೆ. ಮನೆಯದನ್ನು 192.168.37 ಎಂದೋ ಇನ್ನೇನೋ ಬದಲಿಸಿ. ಎರಡನೆಯದು, ಸುರಂಗದ ಅಗಲ. ಚಾಟ್ ಹೋಗುತ್ತದೆ, ಪಿಂಗ್ ಹೋಗುತ್ತದೆ, ಆದರೆ ದೊಡ್ಡ ಫೈಲ್ ಕಳಿಸಿದರೆ ಅರ್ಧಕ್ಕೆ ನಿಲ್ಲುತ್ತದೆ ಎನ್ನುವ ದೂರು ಸಿಮ್ಮಿಗೆ ಹೊರಳಿದಾಗ ಬರುತ್ತದೆ. ರೂಟರಿನಲ್ಲಿ ಎಂಟಿಯು ಎಂಬ ಅಂಕಿಯೊಂದಿದೆ, ಒಂದು ಸಲಕ್ಕೆ ಎಷ್ಟು ದೊಡ್ಡ ಗಂಟು ಹೋಗಬಹುದೆಂಬ ಲೆಕ್ಕ ಅದು. ವೈರ್‌ಗಾರ್ಡಿನಲ್ಲಿ ಸಾಮಾನ್ಯವಾಗಿ 1420 ಇರುತ್ತದೆ. ಅದನ್ನು 1380ಕ್ಕೋ 1280ಕ್ಕೋ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸುರಂಗ ಬಿದ್ದು ಮತ್ತೆ ಏಳುವ ನಡುವಿನ ಅರ್ಧ ನಿಮಿಷ ಏನಾಗುತ್ತದೆ? ಲ್ಯಾಪ್‌ಟಾಪಿಗೆ ಸುರಂಗ ಬಿದ್ದದ್ದು ಗೊತ್ತಿಲ್ಲ. ಅದು ಮಾಹಿತಿ ಕಳಿಸುತ್ತಲೇ ಇರುತ್ತದೆ. ರೂಟರಿಗೆ ಬೇರೇನೂ ಹೇಳಿರದಿದ್ದರೆ ಅದು ಆ ಮಾಹಿತಿಯನ್ನು ಬಯಲ ದಾರಿಯಲ್ಲೇ ಸಾಗಹಾಕುತ್ತದೆ. ಎಷ್ಟೋ ಜನ ವ್ಯಾಪಾರಿಗಳ ಲಾಭ-ನಷ್ಟ, ಯಾರಿಗೆ ಎಷ್ಟು ಸಾಲ, ಯಾರ ಪ್ಯಾನ್ ನಂಬರ್ ಏನು, ಇವೆಲ್ಲ ಆ ಸೊಸೆಯ ಕೈಯಲ್ಲಿರುವ ಅಮಾನತ್ತು. ಅನ್ನಿಸಾ ಅಧ್ಯಾಯದಲ್ಲಿ ಅಮಾನತ್ತಿನ ಬಗ್ಗೆ ಬಂದಿರುವ ಆದೇಶ ಚಿನ್ನ, ಹಣಕ್ಕೆ ಮಾತ್ರವೆಂದು ನಾವು ತಿಳಿಯಬಾರದು. ಆದ್ದರಿಂದ ರೂಟರಿನಲ್ಲಿ ಒಂದು ನಿಯಮ ಹಾಕಿಸಬೇಕು: ಕೆಲಸದ ಲ್ಯಾಪ್‌ಟಾಪಿನಿಂದ ಹೊರಟದ್ದು ಸುರಂಗದಲ್ಲಿ ಮಾತ್ರ ಹೋಗಲಿ, ಸುರಂಗವಿಲ್ಲದಿದ್ದರೆ ಎಲ್ಲಿಯೂ ಹೋಗದಿರಲಿ. ಕಿಲ್ ಸ್ವಿಚ್ ಎಂದು ಇದಕ್ಕೆ ಹೆಸರು. ಆ ಅರ್ಧ ನಿಮಿಷ ಪರದೆ ಸ್ತಬ್ಧವಾಗುತ್ತದೆ, ಆಗಲಿ. ವೆಬ್‌ಸೈಟಿನ ಹೆಸರು ಕೇಳುವ ಡಿಎನ್ಎಸ್ ವಿಚಾರಣೆಯೂ ಸುರಂಗದೊಳಗಿಂದಲೇ ಹೋಗುವಂತೆ ನೋಡಿಕೊಳ್ಳಿ. ಪತ್ರವನ್ನು ಲಕೋಟೆಯಲ್ಲಿಟ್ಟು, ಯಾರಿಗೆ ಬರೆಯುತ್ತಿದ್ದೇನೆಂದು ಬೀದಿಯಲ್ಲಿ ನಿಂತು ವಿಚಾರಿಸಿದರೆ ಏನು ಬಂತು?

ಲ್ಯಾಪ್‌ಟಾಪಿಗೆ ಮಾತ್ರ ಎಂದು ಹೇಳಿದ್ದಕ್ಕೆ ಕಾರಣವಿದೆ. ಮನೆಯ ಟಿ.ವಿ., ಮಕ್ಕಳ ಮೊಬೈಲು, ಮಾವನವರ ವಾಟ್ಸ್‌ಆ್ಯಪ್ ಇವೆಲ್ಲ ಕಚೇರಿಯ ಸುರಂಗದಲ್ಲಿ ಹೋಗುವ ಅಗತ್ಯವಿಲ್ಲ, ಹೋಗಲೂಬಾರದು. ಆಚೆಯ ಬಾಯಲ್ಲಿ ಕಚೇರಿ ಕುಳಿತಿದೆಯಲ್ಲ! ನಿಮ್ಮ ಮನೆಯ ಮಾತನ್ನು ಅವರೇಕೆ ಕೇಳಬೇಕು?

ಹಾಗೆಯೇ ಸಿಮ್ಮಿಗೆ ಹೊರಳಿದಾಗ ಯಾರಿಗೆ ನೆಟ್ ಸಿಗಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿ. ಸಿಮ್ಮಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಇದ್ದರೆ ಟ್ಯಾಲಿ ಕೆಲಸಕ್ಕೆ ಧಾರಾಳವಾಯಿತು. ಆದರೆ ಫೈಬರ್ ಹೋದದ್ದು ಮಕ್ಕಳಿಗೆ ತಿಳಿಯದೆ ಟಿ.ವಿ.ಯಲ್ಲಿ ಕಾರ್ಟೂನ್ ಓಡುತ್ತಲೇ ಇದ್ದರೆ ಒಂದು ಗಂಟೆಯಲ್ಲಿ ಆ ಡೇಟಾ ನೀರಿನಂತೆ ಹರಿದುಹೋಗುತ್ತದೆ. ಅಮ್ಮಿಯ ಕೆಲಸ ನಿಂತ ಮೇಲೆ ಮಕ್ಕಳಿಗೆ ಬೈದರೇನು ಫಲ? ಸಿಮ್ಮಿನ ದಾರಿಯಲ್ಲಿ ಲ್ಯಾಪ್‌ಟಾಪ್ ಮತ್ತು ಒಂದು ಫೋನ್ ಬಿಟ್ಟು ಉಳಿದುದಕ್ಕೆ ತಡೆ ಹಾಕುವ ಸೌಲಭ್ಯ ಇಂತಹ ಹಲವು ರೂಟರುಗಳಲ್ಲಿ ಇರುತ್ತದೆ.

ಅಂಗಳದ ಕ್ಯಾಮರಾ, ಕೊಲ್ಲಿಯ ಗಂಡ

ವಿಪಿಎನ್‌ನ ಇನ್ನೊಂದು ಉಪಯೋಗ ಮನೆಯಾಕೆಯ ನೌಕರಿಗೆ ಸಂಬಂಧಿಸಿದ್ದಲ್ಲ. ಗಂಡ ದುಬೈಯಲ್ಲೋ ರಿಯಾದಿನಲ್ಲೋ ಇರುತ್ತಾರೆ. ಮನೆಗೆ ಕ್ಯಾಮರಾ ಹಾಕಿಸಿ ಅಲ್ಲಿಂದ ನೋಡಬೇಕೆಂಬುದು ಅವರ ಆಸೆ. ಹಾಕಲು ಬಂದವನು ರೂಟರಿನಲ್ಲಿ ಒಂದು ಬಾಗಿಲು ತೆರೆದು, ಕ್ಯಾಮರಾದ ಪಾಸ್‌ವರ್ಡನ್ನು ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟುಹೋಗುತ್ತಾನೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮ್ ಜಗತ್ತಿನಾದ್ಯಂತ ಇಂತಹ ಲಕ್ಷಾಂತರ ಕ್ಯಾಮರಾ, ರೆಕಾರ್ಡರುಗಳನ್ನು ಹೊಕ್ಕದ್ದು ಹೀಗೆಯೇ. ಅದು ಮಾಡಿದ್ದು ಕಾರ್ಖಾನೆಯ ಪಾಸ್‌ವರ್ಡುಗಳ ಒಂದು ಚಿಕ್ಕ ಪಟ್ಟಿಯನ್ನು ಒಂದೊಂದಾಗಿ ಪ್ರಯತ್ನಿಸಿ ನೋಡಿದ್ದು ಅಷ್ಟೆ. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟುಗಳೇ ಅದರಿಂದ ಕೆಲಕಾಲ ನಿಂತುಹೋದವು. ನಮಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ತಲೆಯ ಮೇಲಿನ ಸೆರಗು ಸರಿಸಿ ನಾವು ನಿರಾತಂಕವಾಗಿ ಓಡಾಡುವ ಅಂಗಳವನ್ನು ಎಲ್ಲಿಯೋ ಕುಳಿತ ಅಪರಿಚಿತನು ನೋಡುತ್ತಿದ್ದರೆ?

ಕ್ಯಾಮರಾ ಗೇಟಿನ ಕಡೆಗೆ ಮಾತ್ರ ಮುಖ ಮಾಡಲಿ, ಮನೆಯೊಳಗೆ ಬೇಡ. ಇದಕ್ಕೆ ತಂತ್ರಜ್ಞಾನ ಬೇಕಿಲ್ಲ, ಅತ್ತೆ-ಸೊಸೆ ಸೇರಿ ಹೇಳಿದರೆ ಸಾಕು. ಹೊರಗಿನಿಂದ ನೋಡಲೇಬೇಕಾದರೆ ಬಾಗಿಲು ತೆರೆಯುವ ಬದಲು ಸುರಂಗದ ಮೂಲಕ ಬರಲಿ. ಅದಕ್ಕೆ ಮನೆಯ ಫೈಬರಿಗೆ ಸ್ವಂತ ಸಾರ್ವಜನಿಕ ನಂಬರು ಇರಬೇಕು. ಸಿಮ್ಮಿಗೆ ಹೊರಳಿದ ಹೊತ್ತಿನಲ್ಲಿ ಈ ಸುರಂಗ ಕೆಲಸ ಮಾಡದು. ನಂಬರನ್ನು ಹಂಚಿಕೊಂಡ ವಠಾರದೊಳಕ್ಕೆ ಹೊರಗಿನಿಂದ ಕರೆ ಬರಲಾಗದೆಂದು ಮೇಲೆ ನೋಡಿದೆವಲ್ಲ.

ಆದರೆ ಇಲ್ಲಿ ನಿಲ್ಲಿ. ಮನೆಗೆ ಸುರಂಗ ಬಂದ ಮೇಲೆ ದುಬೈಯಲ್ಲಿರುವವರಿಗೆ ಮತ್ತೊಂದು ಯೋಚನೆ ಹೊಳೆಯುವುದು ಸಹಜ. ಅಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆಯಿದ್ದರೆ ಮನೆಯ ಸುರಂಗದಿಂದ ಕರೆ ಮಾಡಬಹುದಲ್ಲ? ಸುರಂಗದ ಮೂಲಕ ಬಂದರೆ ಅವರು ಮಂಡ್ಯ ಜಿಲ್ಲೆಯಲ್ಲೇ ಕುಳಿತಂತೆ ಕಾಣುತ್ತದೆ. ತಾಂತ್ರಿಕವಾಗಿ ಸಾಧ್ಯ. ಆದರೆ ಯುಎಇಯ ಕಾನೂನು ಕಠಿಣವಾಗಿದೆ. ಅಪರಾಧ ಎಸಗಲು ಅಥವಾ ಅದನ್ನು ಮರೆಮಾಚಲು ವಿಪಿಎನ್‌ನಿಂದ ವಿಳಾಸ ಬದಲಿಸಿದರೆ ಜೈಲು, ಅಥವಾ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಅಥವಾ ಎರಡೂ. ಈ ದಂಡ 2016ರ ತಿದ್ದುಪಡಿಯಿಂದಲೂ ಇದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಸೈಬರ್ ಅಪರಾಧ ಕಾನೂನಿನಲ್ಲೂ ಉಳಿದಿದೆ. ಬ್ಯಾಂಕು, ಕಂಪೆನಿಗಳು ತಮ್ಮ ಒಳಗಿನ ಕೆಲಸಕ್ಕೆ ವಿಪಿಎನ್ ಬಳಸಲು ಅಡ್ಡಿಯಿಲ್ಲ. ತಡೆದಿರುವ ಸೇವೆಯನ್ನು ಪಡೆಯಲು ಬಳಸುವುದು ಬೇರೆ ಮಾತು. ಸೌದಿ ಅರೇಬಿಯ 2017ರ ಸೆಪ್ಟೆಂಬರಿನಲ್ಲಿ, ತನ್ನ ನಿಬಂಧನೆ ಪಾಲಿಸುವ ಆ್ಯಪ್‌ಗಳ ಕರೆಗಳ ಮೇಲಿನ ನಿಷೇಧವನ್ನು ತೆಗೆಯಿತು. ಯುಎಇಯಲ್ಲೂ ಅನುಮತಿ ಪಡೆದ ಆ್ಯಪ್‌ಗಳಿವೆ. ಮಗುವಿನ ಮುಖ ನೋಡುವ ಆಸೆ ಎಷ್ಟೇ ಇದ್ದರೂ ವೀಸಾವನ್ನೇ ಪಣಕ್ಕಿಡುವ ದಾರಿಯನ್ನು ನೀವು ಇಲ್ಲಿಂದ ಕಟ್ಟಿಕೊಡಬೇಡಿ.

ಇನ್ನೂ ಒಂದು ಅಪಾಯವಿದೆ. ಆ ಸುರಂಗದ ಆಚೆಯ ಬಾಯಿ ಈಗ ನಿಮ್ಮ ಮನೆಯಲ್ಲಿದೆ! ಗಂಡ ತನ್ನ ರೂಮಿನ ಗೆಳೆಯರಿಗೂ ಆ ಕೈ ಕೊಟ್ಟರೆ, ಅವರು ಅಲ್ಲಿ ಮಾಡುವುದೆಲ್ಲ ಕ್ಯಾತನಹಳ್ಳಿಯ ಆ ಮನೆಯ ಲೈನಿನ ಹೆಸರಿನಲ್ಲಿ ದಾಖಲಾಗುತ್ತದೆ. ನಾಳೆ ಪೊಲೀಸರು ಕೇಳಿದರೆ ಲೈನ್ ಯಾರ ಹೆಸರಿನಲ್ಲಿದೆಯೋ ಅವರೇ ಉತ್ತರಿಸಬೇಕು.

ನಮ್ಮ ದೇಶದಲ್ಲಿ ವಿಪಿಎನ್ ಬಳಸುವುದು ತಪ್ಪಲ್ಲ. ಆದರೆ ಕಾಶ್ಮೀರದಂತಹ ಕಡೆ ಕೆಲವು ಜಿಲ್ಲೆಗಳಲ್ಲಿ ಆಡಳಿತ ಅದನ್ನು ನಿಷೇಧಿಸಿ ಆದೇಶ ಹೊರಡಿಸಿದ್ದುಂಟು. ದುಡ್ಡು ಪಡೆದು ಜನರಿಗೆ ವಿಪಿಎನ್ ಸೇವೆ ಕೊಡುವ ಕಂಪೆನಿಗಳು ಗ್ರಾಹಕರ ಹೆಸರು, ವಿಳಾಸ, ಬಳಸಿದ ನಂಬರುಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಆದೇಶಿಸಿತು. ಅದನ್ನು ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್‌ನಂತಹ ಕೆಲವು ಕಂಪೆನಿಗಳು ಭಾರತದೊಳಗಿನ ತಮ್ಮ ಯಂತ್ರಗಳನ್ನೇ ತೆಗೆದುಕೊಂಡು ಹೋದವು. ಕಚೇರಿಯು ತನ್ನ ನೌಕರರಿಗಾಗಿ ಕಟ್ಟಿಕೊಳ್ಳುವ ವಿಪಿಎನ್‌ಗೆ ಈ ಆದೇಶ ಅನ್ವಯಿಸುವುದಿಲ್ಲವೆಂದು ಸರ್ಕಾರವೇ ಸ್ಪಷ್ಟಪಡಿಸಿದೆ. ಆದ್ದರಿಂದ ಟ್ಯಾಲಿ ಬರೆಯುವ ಸೊಸೆಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಎಲ್ಲ ಹಾಕಿಸಿಯಾದ ಮೇಲೆ ಆ ಹುಡುಗನಿಗೆ ಚಹಾ ಕೊಟ್ಟು ಕಳಿಸುವ ಮೊದಲು ಎರಡು ಕೆಲಸ ಮಾಡಿ. ಅವನ ಎದುರಿನಲ್ಲೇ, ಟ್ಯಾಲಿ ತೆರೆದಿಟ್ಟುಕೊಂಡು, ಫೈಬರ್ ಪೆಟ್ಟಿಗೆಯ ಹಿಂದಿನ ಫೈಬರ್ ಎಳೆಯನ್ನು ಅವನಿಂದಲೇ ಬಿಡಿಸಿ. ರೂಟರಿಗೆ ಹೋಗುವ ವಯರನ್ನಲ್ಲ, ಫೈಬರನ್ನೇ. ಗಡಿಯಾರ ನೋಡಿಕೊಳ್ಳಿ. ಒಂದು ನಿಮಿಷದೊಳಗೆ ಟ್ಯಾಲಿ ಮತ್ತೆ ಅಲುಗಾಡಬೇಕು. ಆ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಯಾವ ವೆಬ್‌ಸೈಟೂ ತೆರೆಯಬಾರದು, ತೆರೆದರೆ ಕಿಲ್ ಸ್ವಿಚ್ ಸರಿಯಾಗಿಲ್ಲವೆಂದು ಅರ್ಥ. ಮತ್ತೆ ಎಳೆಯನ್ನು ಜೋಡಿಸಿದ ಹತ್ತು ನಿಮಿಷದ ಬಳಿಕ ಸಿಮ್ಮಿನ ಡೇಟಾ ಇಳಿಯುವುದು ನಿಂತಿದೆಯೇ ನೋಡಿ. ಎರಡನೆಯದು, ಅವನು ಹೋದ ಮೇಲೆ ರೂಟರಿನ ಪಾಸ್‌ವರ್ಡನ್ನು ನೀವೇ ಬದಲಿಸಿ, ಮನೆಯ ದಾಖಲೆಗಳನ್ನಿಡುವ ಪೆಟ್ಟಿಗೆಯಲ್ಲಿ ಬರೆದಿಡಿ. ವಿಪಿಎನ್‌ನ ಬೀಗದ ಕೈ ಇರುವ ಫೈಲನ್ನು ಅವನ ಫೋನಿನಿಂದ ಅಳಿಸಲು ಹೇಳಿ.

ಸಿಮ್ಮಿಗೆ ರೀಚಾರ್ಜ್ ಮಾಡಿಸುವ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬಳಸದೆ ಬಿಟ್ಟ ಸಿಮ್ ಫೈಬರ್ ಕಡಿದ ದಿನವೇ ಬಂದ್ ಆಗಿರುವುದು ಹೆಚ್ಚು.